ಒಂದೇ ಬೀದಿ, ಮೂರು ಥಿಯೇಟರ್: ಬಾಡಿಗೆದಾರ ಮಾಲೀಕನಾದ ಪ್ರಕರಣ

ಲಂಡನ್ನಿನ ಶಾಫ್ಟ್ಸ್‌ಬರಿ ಅವೆನ್ಯೂವನ್ನು ಈ ತುದಿಯಿಂದ ಆ ತುದಿಗೆ ಆರಾಮಾಗಿ ನಡೆದರೂ ಕಾಲು ಗಂಟೆ ಸಾಕು. ಆ ದಾರಿಯಲ್ಲಿ ಮೂರು ಕಟ್ಟಡಗಳ ಮುಂದೆ ಸ್ವಲ್ಪ ಹೊತ್ತು ನಿಂತರೆ ಕ್ಯಾಮರೂನ್ ಮ್ಯಾಕಿಂಟೋಶ್ ಎಂಬ ನಿರ್ಮಾಪಕರ ಕಥೆ ಅರ್ಧ ಗೊತ್ತಾಗುತ್ತದೆ.

ಮೇಲಿನ ತುದಿಯ ಕಡೆ ಹಿಂದೆ ಸ್ಯಾವಿಲ್ ಥಿಯೇಟರ್ ಆಗಿದ್ದ ಕಟ್ಟಡ ಇದೆ. ಮುಂಗೋಡೆಯ ಉದ್ದಕ್ಕೂ ನಾಟಕದ ಇತಿಹಾಸವನ್ನೇ ಮೆರವಣಿಗೆ ಮಾಡಿಸಿದಂಥ ಕೆತ್ತನೆಯ ಪಟ್ಟಿ. 1969ರಲ್ಲಿ ಇಲ್ಲಿ ಮ್ಯಾಕಿಂಟೋಶ್ ವೆಸ್ಟ್ ಎಂಡ್‌ನಲ್ಲಿ, ಅಂದರೆ ಲಂಡನ್ನಿನ ದೊಡ್ಡ ಥಿಯೇಟರ್‌ಗಳ ಬಡಾವಣೆಯಲ್ಲಿ, ತಮ್ಮ ಮೊದಲ ನಾಟಕ ಹಾಕಿದರು. ಕೋಲ್ ಪೋರ್ಟರ್ ಸಂಗೀತದ ಹಳೆಯ ಮ್ಯೂಸಿಕಲ್, ಅಂದರೆ ಹಾಡು-ಕುಣಿತದ ನಾಟಕ, ಒಂದರ ಮರುಪ್ರದರ್ಶನ ಅದು. ಕೆಲವೇ ವಾರಗಳಲ್ಲಿ ಪರದೆ ಬಿತ್ತು, ಹಾಕಿದ ದುಡ್ಡೂ ಹೋಯಿತು. ಮರುವರ್ಷ ಆ ಥಿಯೇಟರನ್ನೇ ಸಿನಿಮಾ ಮಂದಿರ ಮಾಡಿದರು.

ಅಲ್ಲಿಂದ ಕೆಳಗೆ ಬಂದರೆ ಕೇಂಬ್ರಿಡ್ಜ್ ಸರ್ಕಸ್. ಅಲ್ಲಿ ದೊಡ್ಡ ಅರಮನೆ ಹಾಗೆ ನಿಂತಿರುವುದು ಪ್ಯಾಲೇಸ್ ಥಿಯೇಟರ್. ಇಲ್ಲಿ ಇದೇ ನಿರ್ಮಾಪಕರ ‘ಲೆ ಮಿಸರಾಬ್ಲ್’ (ಚಿಕ್ಕದಾಗಿ ‘ಲೆ ಮಿಸ್’) ನಾಟಕ ಹದಿನೆಂಟು ವರ್ಷ ನಡೆಯಿತು. ಇನ್ನೂ ಸ್ವಲ್ಪ ಕೆಳಗೆ, ಮೂಲೆಯಲ್ಲಿ, ಗಾಜಿನ ಮುಖದ ಒಂದು ಥಿಯೇಟರ್. ಮೊದಲು ಅದರ ಹೆಸರು ಕ್ವೀನ್ಸ್, ಈಗ ಸಾಂಡ್‌ಹೈಮ್. ಪ್ಯಾಲೇಸ್ ಬಿಟ್ಟ ನಾಟಕ 2004ರಲ್ಲಿ ಇಲ್ಲಿಗೆ ಬಂತು. ಇವತ್ತಿಗೂ ಅದರ ಮನೆ ಇದೇ.

ಮೊದಲನೆಯ ಕಟ್ಟಡದಲ್ಲಿ ಮ್ಯಾಕಿಂಟೋಶ್ ಸೋತ ಬಾಡಿಗೆದಾರ. ಎರಡನೆಯದರಲ್ಲಿ ಗೆದ್ದ ಬಾಡಿಗೆದಾರ. ಮೂರನೆಯದರಲ್ಲಿ ಮಾಲೀಕ. ನಾನು ನೋಡಹೊರಟಿರುವ ಪ್ರಕರಣ ಇದೇ: ಚೆನ್ನಾಗಿ ಓಡುತ್ತಿದ್ದ ನಾಟಕವನ್ನು ದೊಡ್ಡ ಮನೆಯಿಂದ ಚಿಕ್ಕ ಮನೆಗೆ ಯಾಕೆ ಸಾಗಿಸಿದರು? ಅದಕ್ಕೂ ಮುಂಚೆ, ನಾಟಕ ಮಾಡುವವನಿಗೆ ಕಟ್ಟಡದ ಉಸಾಬರಿ ಯಾಕೆ ಬೇಕಾಯಿತು?

ಪೊರಕೆ ಹಿಡಿದಲ್ಲಿಂದ

ಮ್ಯಾಕಿಂಟೋಶ್ ಹುಟ್ಟಿದ್ದು 1946ರ ಅಕ್ಟೋಬರ್ 17ರಂದು, ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ. ಅಪ್ಪ ಸ್ಕಾಟ್‌ಲೆಂಡ್ ಮೂಲದವರು. ಮರದ ವ್ಯಾಪಾರ ಅವರದು, ಜೊತೆಗೆ ಜಾಝ್ ಟ್ರಂಪೆಟ್ ಹುಚ್ಚು. ಎಂಟು ವರ್ಷದ ಹುಡುಗನನ್ನು ಅತ್ತೆಯೊಬ್ಬರು ಒಂದು ಮ್ಯೂಸಿಕಲ್‌ಗೆ ಕರೆದುಕೊಂಡು ಹೋದರು. ಹುಡುಗನಿಗೆ ಹಾಡಿಗಿಂತ ಜಾಸ್ತಿ ಹಿಡಿಸಿದ್ದು ಸ್ಟೇಜಿನ ಹಿಂದಿನ ಕೆಲಸ. ಎರಡನೇ ಸಲ ಹೋದಾಗ ಸಂಗೀತ ಸಂಯೋಜಕರನ್ನೇ ಹುಡುಕಿ ಮಾತಾಡಿಸಿದ. ಅವರು ಒಳಗೆ ಕರೆದುಕೊಂಡು ಹೋಗಿ ಎಲ್ಲ ತೋರಿಸಿದರು. ದೊಡ್ಡವನಾದ ಮೇಲೆ ನಾಟಕ ಶಾಲೆಗೆ ಸೇರಿ, ಅರ್ಧಕ್ಕೇ ಬಿಟ್ಟು, ಡ್ರೂರಿ ಲೇನ್‌ನ ಥಿಯೇಟರ್ ರಾಯಲ್‌ನಲ್ಲಿ ಕೆಲಸಕ್ಕೆ ನಿಂತರು. ರಾತ್ರಿ ಸೆಟ್ ಎತ್ತಿ ಇಡುವುದು, ಹಗಲು ಗುಡಿಸಿ ಒರೆಸುವುದು.

ಗುಡಿಸಿದವನಿಗೆ ಕಟ್ಟಡ ಬೇರೆ ಥರ ಕಾಣುತ್ತದೆ. ಕೆಂಪು ಕುರ್ಚಿಯ ಕೆಳಗೆ ಏನು ಬಿದ್ದಿರುತ್ತದೆ, ಬಾಲ್ಕನಿಯ ಯಾವ ಕಂಬದ ಹಿಂದೆ ಕೂತವರಿಗೆ ಸ್ಟೇಜು ಕಾಣುವುದಿಲ್ಲ, ಹೆಂಗಸರ ಟಾಯ್ಲೆಟ್ಟಿನ ಮುಂದೆ ಮಧ್ಯಂತರದಲ್ಲಿ ಎಷ್ಟು ಉದ್ದ ಕ್ಯೂ ಬೆಳೆಯುತ್ತದೆ, ಇಂಥದ್ದೆಲ್ಲ ಲೆಕ್ಕದ ಪುಸ್ತಕ ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಮುಂದೆ ಮಾಲೀಕರಾದಾಗ ಮ್ಯಾಕಿಂಟೋಶ್ ದುಡ್ಡು ಸುರಿದದ್ದು ಹೆಚ್ಚಾಗಿ ಇಂಥ ಜಾಗಗಳಿಗೇ.

1970ರ ದಶಕದ ಕಥೆ ಬೇಗ ಹೇಳಿ ಮುಗಿಸಬಹುದು. ಪ್ರವಾಸದ ನಾಟಕಗಳು, ಸಾಲ, ಒಂದಿಷ್ಟು ಸೋಲು. 1976ರಲ್ಲಿ ಸ್ಟೀಫನ್ ಸಾಂಡ್‌ಹೈಮ್ ಹಾಡುಗಳನ್ನು ಪೋಣಿಸಿದ ಒಂದು ಸಣ್ಣ ಕಾರ್ಯಕ್ರಮ ಕೈಹಿಡಿಯಿತು. ಅದು ವಿಂಡಮ್ಸ್ ಥಿಯೇಟರ್‌ನಲ್ಲಿ ಓಡಿತು. ಆ ವಿಂಡಮ್ಸ್ ಈಗ ಅವರದೇ.

ದೊಡ್ಡ ತಿರುವು 1981. ಸಂಗೀತ ಸಂಯೋಜಕ ಆಂಡ್ರ್ಯೂ ಲಾಯ್ಡ್ ವೆಬ್ಬರ್ ಜೊತೆ ಸೇರಿ ‘ಕ್ಯಾಟ್ಸ್’ ಮಾಡಿದರು. ಬೆಕ್ಕುಗಳ ಬಗ್ಗೆ ಕವಿತೆ, ಅದಕ್ಕೆ ರಾಗ, ಕಥೆ ಅನ್ನುವಂಥದ್ದು ಹೆಚ್ಚೇನೂ ಇಲ್ಲ. ಯಾರು ದುಡ್ಡು ಹಾಕುತ್ತಾರೆ? ಬೇಕಿದ್ದದ್ದು ನಾಲ್ಕೂವರೆ ಲಕ್ಷ ಪೌಂಡ್. ಅಲ್ಲಿ ನಾಟಕಕ್ಕೆ ಬಂಡವಾಳ ಹಾಕುವವರನ್ನು ‘ಏಂಜೆಲ್’ ಅಂತಾರೆ. ಈ ನಾಟಕಕ್ಕೆ ದೊಡ್ಡ ಏಂಜೆಲ್‌ಗಳು ಬರಲಿಲ್ಲ. ಸುಮಾರು 220 ಸಾಮಾನ್ಯ ಜನರಿಂದ ಚೂರುಚೂರು ಸೇರಿಸಿದರು. ಲಾಯ್ಡ್ ವೆಬ್ಬರ್ ತಮ್ಮ ಮನೆಯ ಮೇಲೆ ಸಾಲ ತೆಗೆದರು. ಮೇ 11ರಂದು ಶುರುವಾದ ನಾಟಕ 2002ರ ಮೇ 11ರಂದು ನಿಂತಿತು. ಸರಿಯಾಗಿ ಇಪ್ಪತ್ತೊಂದು ವರ್ಷ.

ಇಷ್ಟು ವರ್ಷ ಓಡುವ ನಾಟಕ ಅಂದರೆ ಏನರ್ಥ? ಇಷ್ಟು ವರ್ಷ ಬಾಡಿಗೆ ಕಟ್ಟುವ ನಾಟಕ ಅಂತಲೂ ಅಲ್ವಾ?

ಅಕ್ಟೋಬರಿನ ಫೋನು

ಈಗ ನಮ್ಮ ಪ್ರಕರಣದ ನಾಟಕಕ್ಕೆ ಬರೋಣ. ವಿಕ್ಟರ್ ಹ್ಯೂಗೋನ ಕಾದಂಬರಿಯನ್ನು ಅಲೈನ್ ಬೂಬ್ಲಿಲ್ ಮತ್ತು ಕ್ಲೋಡ್-ಮಿಷೆಲ್ ಶೋನ್‌ಬರ್ಗ್ ಎಂಬ ಇಬ್ಬರು ಫ್ರೆಂಚರು ಹಾಡುಗಳಾಗಿ ಮಾಡಿದ್ದರು. 1980ರಲ್ಲಿ ಪ್ಯಾರಿಸ್ಸಿನ ಕ್ರೀಡಾಂಗಣವೊಂದರಲ್ಲಿ ಅದು ಪ್ರದರ್ಶನವಾಗಿತ್ತು. ಪೀಟರ್ ಫರಾಗೊ ಎಂಬ ನಿರ್ದೇಶಕ ಅದರ ರೆಕಾರ್ಡನ್ನು ಮ್ಯಾಕಿಂಟೋಶ್ ಕೈಗೆ ಕೊಟ್ಟರು. ಕೇಳಿದರು, ಹಿಡಿದುಕೊಂಡಿತು. ‘ಕ್ಯಾಟ್ಸ್’ ನಿರ್ದೇಶಿಸಿದ್ದ ಟ್ರೆವರ್ ನನ್ ಅವರನ್ನು ಕೇಳಿದರು. ನನ್ ಆಗ ರಾಯಲ್ ಶೇಕ್ಸ್‌ಪಿಯರ್ ಕಂಪನಿಯ ಮುಖ್ಯಸ್ಥರಲ್ಲೊಬ್ಬರು. ಮಾಡುವುದಾದರೆ ಕಂಪನಿಯ ಜೊತೆ ಸೇರಿಯೇ ಮಾಡೋಣ ಎಂದರು. ಒಟ್ಟು ಖರ್ಚು ಆರು ಲಕ್ಷ ಪೌಂಡ್, ಅದರಲ್ಲಿ ಅರ್ಧ ಮ್ಯಾಕಿಂಟೋಶ್ ಕಡೆಯಿಂದ. ಸರ್ಕಾರದ ಹಣದಲ್ಲಿ ನಡೆಯುವ ನಾಟಕ ಕಂಪನಿ ಹೀಗೆ ವ್ಯಾಪಾರಿ ನಿರ್ಮಾಪಕನ ಜೊತೆ ಕೈಜೋಡಿಸಬಹುದಾ ಎಂದು ಆಗ ಬೇಕಾದಷ್ಟು ಗುಸುಗುಸು ನಡೆಯಿತು.

ಇಂಗ್ಲಿಷ್ ಸಾಹಿತ್ಯ ಮುಗಿಯುತ್ತಲೇ ಇರಲಿಲ್ಲ. ಬರೆಯಲು ಕೂತಿದ್ದ ಕವಿ ಜೇಮ್ಸ್ ಫೆಂಟನ್ ನಿಧಾನಿ. ಕೊನೆಗೆ 1985ರ ಆರಂಭದಲ್ಲಿ ಹರ್ಬರ್ಟ್ ಕ್ರೆಟ್ಜ್‌ಮರ್ ಬಂದರು. ಪತ್ರಿಕೆಯೊಂದರ ಟಿವಿ ವಿಮರ್ಶಕ, ಹಾಡು ಬರೆಯುವುದರಲ್ಲಿ ಪಳಗಿದ ಕೈ. ಕೆಲವು ತಿಂಗಳಲ್ಲಿ ಮೂರು ಗಂಟೆಗೂ ಮಿಕ್ಕಿದ ನಾಟಕಕ್ಕೆ ಮಾತು ಕೂರಿಸಿದರು.

1985ರ ಅಕ್ಟೋಬರ್ 8. ಬಾರ್ಬಿಕನ್ ಸೆಂಟರ್‌ನಲ್ಲಿ ಮೊದಲ ಪ್ರದರ್ಶನ. ಮಾರನೇ ದಿನದ ಪತ್ರಿಕೆಗಳು ಹೆಚ್ಚುಕಮ್ಮಿ ಒಂದೇ ದನಿಯಲ್ಲಿ ಬೈದವು. ದೊಡ್ಡ ಕಾದಂಬರಿಯನ್ನು ಅಗ್ಗದ ಗೋಳಾಟ ಮಾಡಿದ್ದಾರೆ ಎಂಬುದು ದೂರು.

ಮ್ಯಾಕಿಂಟೋಶ್‌ಗೆ ಬೈಗುಳಕ್ಕಿಂತ ದೊಡ್ಡ ತಲೆನೋವು ಬೇರೆ ಇತ್ತು. ಬಾರ್ಬಿಕನ್ ಶೇಕ್ಸ್‌ಪಿಯರ್ ಕಂಪನಿಯ ಜಾಗ, ಅಲ್ಲಿ ಸಿಕ್ಕಿದ್ದು ಕೆಲವೇ ವಾರ. ಆಮೇಲೆ ಹೋಗಬೇಕಿದ್ದದ್ದು ಪ್ಯಾಲೇಸ್‌ಗೆ. ಪ್ಯಾಲೇಸ್ ಯಾರದ್ದು? 1983ರಲ್ಲಿ ಅದನ್ನು ಕೊಂಡಿದ್ದ ಲಾಯ್ಡ್ ವೆಬ್ಬರ್ ಅವರದ್ದು. ಅಂದರೆ ‘ಕ್ಯಾಟ್ಸ್’ನ ಜೊತೆಗಾರನೇ ಇಲ್ಲಿ ಮನೆ ಮಾಲೀಕ. ಅಡ್ವಾನ್ಸ್ ಕೊಟ್ಟಾಗಿತ್ತು. ಬರುತ್ತೀರೋ ಇಲ್ಲವೋ ಎಂದು ಒಂದೆರಡು ದಿನದಲ್ಲಿ ಹೇಳಬೇಕು. ಬರುವುದಿಲ್ಲ ಅಂದರೆ ಅಡ್ವಾನ್ಸ್ ಹೋಯಿತು, ಅಷ್ಟೇ. ಬರುತ್ತೇವೆ ಅಂದು ನಾಟಕ ಬಿದ್ದುಹೋದರೆ? ವಾರ ವಾರ ನಷ್ಟ.

ಆ ದಿನ ಅವರು ಬಾರ್ಬಿಕನ್‌ನ ಬಾಕ್ಸ್ ಆಫೀಸಿಗೆ ಫೋನು ಮಾಡಿದರು. ಲೈನ್ ಸಿಗಲಿಲ್ಲ. ಮತ್ತೆ ಮಾಡಿದರು, ಮತ್ತೂ ಸಿಗಲಿಲ್ಲ. ಕೊನೆಗೆ ಸಿಕ್ಕಾಗ ಆ ಕಡೆಯವರಿಗೇ ಆಶ್ಚರ್ಯ, ನಿಮಗೆ ಲೈನ್ ಹೇಗೆ ಸಿಕ್ಕಿತು ಅಂತ. ಬೆಳಗಿನಿಂದ ಟಿಕೆಟ್ ಕೇಳುವವರ ಫೋನು ನಿಂತೇ ಇಲ್ಲ, ಆಗಲೇ ಐದು ಸಾವಿರ ಟಿಕೆಟ್ ಹೋಗಿದೆ ಎಂದರಂತೆ. ಈ ಕಥೆಯನ್ನು ಮ್ಯಾಕಿಂಟೋಶ್ ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾರೆ. ಹೇಳಿ ಹೇಳಿ ಸ್ವಲ್ಪ ಪಾಲಿಶ್ ಆಗಿರಬಹುದು. ಆದರೆ ಫಲಿತಾಂಶ ಕಣ್ಣಮುಂದಿದೆ. ಡಿಸೆಂಬರ್ 4ಕ್ಕೆ ‘ಲೆ ಮಿಸರಾಬ್ಲ್’ ಪ್ಯಾಲೇಸ್‌ಗೆ ಬಂತು, 2004ರ ಮಾರ್ಚ್‌ವರೆಗೆ ಅಲ್ಲಾಡಲಿಲ್ಲ.

ಈ ಘಟನೆಯನ್ನು ಸಾಮಾನ್ಯವಾಗಿ ಧೈರ್ಯದ ಕಥೆಯಾಗಿ ಹೇಳುತ್ತಾರೆ. ವಿಮರ್ಶಕರು ಸೋತರು, ಜನ ಗೆದ್ದರು ಅಂತ. ನನಗೆ ಅದರಲ್ಲಿ ಕಾಣುವುದು ಗಡುವು. ನಾಟಕ ಚೆನ್ನಾಗಿದೆಯೋ ಇಲ್ಲವೋ ಎಂದು ಜನ ತೀರ್ಮಾನ ಮಾಡುವುದಕ್ಕೆ ಮೊದಲೇ, ಕಟ್ಟಡದ ಕಾಗದಪತ್ರ ಉತ್ತರ ಕೇಳುತ್ತಿತ್ತು. ಆ ಫೋನು ಇನ್ನೆರಡು ದಿನ ತಡವಾಗಿದ್ದರೆ? ಬೆಂಗಳೂರಲ್ಲಿ ನಾಟಕ ಮಾಡಿದವರಿಗೂ ಇದು ಹೊಸದೇನಲ್ಲ. ತಾಲೀಮು ಆಗಲಿ ಬಿಡಲಿ, ಕಲಾಕ್ಷೇತ್ರದ ಡೇಟ್ ಸಿಕ್ಕ ದಿನವೇ ನಾಟಕ.

ಕಟ್ಟಡದ ಲೆಕ್ಕ

ವೆಸ್ಟ್ ಎಂಡ್‌ನಲ್ಲಿ ನಿರ್ಮಾಪಕನೇ ಬೇರೆ, ಥಿಯೇಟರ್ ಮಾಲೀಕನೇ ಬೇರೆ. ನಿರ್ಮಾಪಕ ದುಡ್ಡು ಹೊಂದಿಸಿ, ಹಕ್ಕು ತಂದು, ನಟರನ್ನು ಕಟ್ಟಿ, ನಾಟಕ ತರುತ್ತಾನೆ. ಮಾಲೀಕ ಗೋಡೆ, ಕುರ್ಚಿ, ಬಾಕ್ಸ್ ಆಫೀಸು, ಬಾಗಿಲಲ್ಲಿ ನಿಲ್ಲುವವರನ್ನು ಕೊಡುತ್ತಾನೆ. ಬಾಡಿಗೆ ಅಂದರೆ ಒಂದೇ ಮೊತ್ತ ಅಲ್ಲ. ಕಟ್ಟಡದ ಬಾಡಿಗೆ ಒಂದು. ಸಿಬ್ಬಂದಿ, ಕರೆಂಟು ಇತ್ಯಾದಿ ಖರ್ಚು ಇನ್ನೊಂದು. ಬಾರ್‌ನಲ್ಲಿ ಮಾರುವ ಡ್ರಿಂಕ್ಸು, ಮಧ್ಯಂತರದ ಐಸ್‌ಕ್ರೀಮು ಮಾಲೀಕನ ಗಲ್ಲಾಕ್ಕೆ. ಈಚಿನ ವರ್ಷಗಳಲ್ಲಿ ಟಿಕೆಟ್ ಮೇಲೆ ರಿಪೇರಿ ಶುಲ್ಕ ಅಂತ ಸ್ವಲ್ಪ ಸೇರಿಸುತ್ತಾರೆ, ಅದೂ ಕಟ್ಟಡಕ್ಕೇ.

ಇದಕ್ಕಿಂತ ಮುಖ್ಯವಾದ ಒಂದು ಷರತ್ತು ಕರಾರಿನಲ್ಲಿ ಇರುತ್ತದೆ. ವಾರದ ಕಲೆಕ್ಷನ್ ಇಂತಿಷ್ಟಕ್ಕಿಂತ ಕೆಳಗೆ ಬಿದ್ದರೆ, ಅದೂ ಒಂದರ ಹಿಂದೆ ಒಂದು ವಾರ ಬಿದ್ದರೆ, ಮಾಲೀಕ ನಿಮಗೆ ನೋಟಿಸ್ ಕೊಡಬಹುದು. ಕೊಡಲೇಬೇಕು ಅಂತಿಲ್ಲ. ಆದರೆ ಬಾಗಿಲಲ್ಲಿ ಇನ್ನೊಂದು ಬಿಸಿ ನಾಟಕ ಕಾಯುತ್ತಾ ಇದ್ದರೆ ಕೊಡದೇ ಇರುವುದಕ್ಕೆ ಕಾರಣವೂ ಇಲ್ಲ. ಸಾಲುಸಾಲು ವರ್ಷ ಓಡುವ ನಾಟಕಕ್ಕೆ ಮಂದ ವಾರಗಳು ಬಂದೇ ಬರುತ್ತವೆ. ಜನವರಿಯ ಚಳಿ, ಎಲ್ಲೋ ಬಾಂಬ್ ಸುದ್ದಿ, ಪ್ರವಾಸಿಗರು ಕಮ್ಮಿ. ಮಾಲೀಕ ಬೇರೆಯವನಾದರೆ ಪ್ರತಿ ಮಂದ ವಾರವೂ ಕುತ್ತಿಗೆಯ ಮೇಲಿನ ಕತ್ತಿ.

ಮ್ಯಾಕಿಂಟೋಶ್ ಹತ್ತಿರ 1980ರ ದಶಕದ ಕೊನೆಗೆ ಇಂಥ ಉದ್ದ ಓಟದ ನಾಟಕಗಳು ನಾಲ್ಕು: ‘ಕ್ಯಾಟ್ಸ್’, ‘ಲೆ ಮಿಸ್’, 1986ರ ‘ಫ್ಯಾಂಟಮ್’, 1989ರ ‘ಮಿಸ್ ಸೈಗಾನ್’. ಕೊನೆಯದು ನಡೆದದ್ದು ಡ್ರೂರಿ ಲೇನ್‌ನಲ್ಲಿ, ಹುಡುಗನಾಗಿದ್ದಾಗ ಪೊರಕೆ ಹಿಡಿದ ಅದೇ ಕಟ್ಟಡದಲ್ಲಿ. ನಾಲ್ಕು ನಾಟಕ, ಎಲ್ಲವೂ ಬೇರೆಯವರ ಮನೆಗಳಲ್ಲಿ.

1991ರಲ್ಲಿ ಬರ್ನಾರ್ಡ್ ಡೆಲ್‌ಫಾಂಟ್ ಎಂಬ ಹಿರಿಯ ಥಿಯೇಟರ್ ಉದ್ಯಮಿಯ ಜೊತೆ ಸೇರಿ ಅವರು ಡೆಲ್‌ಫಾಂಟ್ ಮ್ಯಾಕಿಂಟೋಶ್ ಕಂಪನಿ ಶುರು ಮಾಡಿದರು. ಮೊದಲು ಪ್ರಿನ್ಸ್ ಎಡ್ವರ್ಡ್ ಮತ್ತು ಪ್ರಿನ್ಸ್ ಆಫ್ ವೇಲ್ಸ್ ಥಿಯೇಟರ್‌ಗಳು. 1994ರಲ್ಲಿ ಡೆಲ್‌ಫಾಂಟ್ ತೀರಿಕೊಂಡರು, ಹೆಸರು ಮಾತ್ರ ಉಳಿಯಿತು. ಆಮೇಲೆ ಸ್ಟ್ರ್ಯಾಂಡ್ (2005ರಿಂದ ನೊವೆಲ್ಲೊ), ಆಲ್ಬರಿ (2006ರಿಂದ ನೋಯೆಲ್ ಕವರ್ಡ್), ವಿಂಡಮ್ಸ್, ಗಿಲ್‌ಗುಡ್, ಕ್ವೀನ್ಸ್. 2014ರಲ್ಲಿ ವಿಕ್ಟೋರಿಯಾ ಪ್ಯಾಲೇಸ್. ಒಟ್ಟು ಎಂಟು. ಲಾಯ್ಡ್ ವೆಬ್ಬರ್ ಕೂಡ ಸುಮ್ನೆ ಕೂತಿರಲಿಲ್ಲ. 2000ದಲ್ಲಿ ಸ್ಟೋಲ್ ಮಾಸ್ ಕಂಪನಿಯ ಹತ್ತು ಥಿಯೇಟರ್‌ಗಳನ್ನು ಪಾಲುದಾರರ ಜೊತೆ ಒಂದೇ ಸಲಕ್ಕೆ 8.75 ಕೋಟಿ ಪೌಂಡ್‌ಗೆ ಕೊಂಡರು. ಬೆಕ್ಕಿನ ನಾಟಕದ ಇಬ್ಬರು ಜೊತೆಗಾರರು ಇಪ್ಪತ್ತು ವರ್ಷದಲ್ಲಿ ವೆಸ್ಟ್ ಎಂಡ್‌ನ ಇಬ್ಬರು ದೊಡ್ಡ ಜಮೀನುದಾರರಾದರು.

2004: ಮನೆ ಬದಲಿಸಿದ ವರ್ಷ

ಪ್ಯಾಲೇಸ್‌ನಲ್ಲಿ ಸುಮಾರು 1,400 ಸೀಟು. ಕ್ವೀನ್ಸ್‌ನಲ್ಲಿ ಸಾವಿರದ ಆಸುಪಾಸು. ಹದಿನೆಂಟು ವರ್ಷ ಓಡಿದ ನಾಟಕವನ್ನು ನಾನೂರು ಸೀಟು ಕಮ್ಮಿ ಇರುವ ಕಡೆ ಒಯ್ಯುವುದು ಮೇಲ್ನೋಟಕ್ಕೆ ಇಳಿಮುಖದ ಲಕ್ಷಣ. 2003ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯ ‘ಲೆ ಮಿಸ್’ ಹದಿನಾರು ವರ್ಷ ಓಡಿ ನಿಂತಿತ್ತು. ಲಂಡನ್ನಿನದ್ದೂ ಇನ್ನೇನು ಮುಗಿಯಿತು ಅಂತ ಅನಿಸಿದ್ದರೆ ತಪ್ಪಲ್ಲ.

ಒಂದು ಸುಮ್ಮನೆ ಹಾಕಿದ ಲೆಕ್ಕ ನೋಡಿ. ದಿನಕ್ಕೆ 840 ಜನ ಬರುತ್ತಾರೆ ಅಂದುಕೊಳ್ಳಿ. 1,400 ಸೀಟಿನ ಪ್ಯಾಲೇಸ್‌ನಲ್ಲಿ ಅದು ನೂರಕ್ಕೆ ಅರವತ್ತು. ಮೇಲಿನ ಬಾಲ್ಕನಿ ಬಣಬಣ. ಟಿಕೆಟ್ಟು ಲೆಸ್ಟರ್ ಸ್ಕ್ವೇರ್‌ನ ಅರ್ಧ ಬೆಲೆಯ ಬೂತ್‌ಗೆ ಹೋಗುತ್ತದೆ. ಅರ್ಧ ಬೆಲೆಗೆ ಸಿಗುತ್ತದೆ ಅಂತ ಗೊತ್ತಾದ ಮೇಲೆ ಮುಂಗಡ ಬುಕ್ ಮಾಡುವವರು ಯಾರು? ಅದೇ 840 ಜನ ಸಾವಿರ ಸೀಟಿನ ಕ್ವೀನ್ಸ್‌ಗೆ ಬಂದರೆ ನೂರಕ್ಕೆ ಎಂಬತ್ತನಾಲ್ಕು. ಶನಿವಾರ ಹೌಸ್‌ಫುಲ್ ಬೋರ್ಡು. ಬೋರ್ಡು ನೋಡಿದವರು ಮುಂದಿನ ವಾರಕ್ಕೆ ಈಗಲೇ ಕೊಳ್ಳುತ್ತಾರೆ. ಜನ ಅಷ್ಟೇ, ನಾಟಕವೂ ಅದೇ, ಕಟ್ಟಡ ಮಾತ್ರ ಬೇರೆ. ಬಸ್ಸಿನಲ್ಲಿ ಹತ್ತು ಜನ ಇದ್ದರೆ ಖಾಲಿ, ಆಟೋದಲ್ಲಿ ನಾಲ್ಕು ಜನ ಇದ್ದರೆ ಕಿಕ್ಕಿರಿದಿದೆ ಅಂತೀವಲ್ಲ, ಹಾಗೆ.

ಪ್ಯಾಲೇಸ್‌ನ ಮಾಲೀಕರಿಗೂ ಅಷ್ಟರಲ್ಲಿ ಕಟ್ಟಡ ಬೇಕಿತ್ತು. ಲಾಯ್ಡ್ ವೆಬ್ಬರ್ ಅವರ ಹೊಸ ಮ್ಯೂಸಿಕಲ್ ‘ದಿ ವುಮನ್ ಇನ್ ವೈಟ್’ ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಲ್ಲಿ ಶುರುವಾಯಿತು. ಹೊರಗಿನಿಂದ ನೋಡಿದರೆ ಬಾಡಿಗೆದಾರ ಖಾಲಿ ಮಾಡಿದ, ಮಾಲೀಕ ಒಳಗೆ ಬಂದ. ಮಾರ್ಚ್ 27ಕ್ಕೆ ಪ್ಯಾಲೇಸ್‌ನಲ್ಲಿ ಕೊನೆಯ ಪ್ರದರ್ಶನ. ಒಂದೇ ವಾರದಲ್ಲಿ, ಏಪ್ರಿಲ್ 3ಕ್ಕೆ, ಕ್ವೀನ್ಸ್‌ನಲ್ಲಿ ಮೊದಲನೆಯದು. ಸ್ಟೇಜಿನ ಮಧ್ಯೆ ಗರಗರ ತಿರುಗುವ ವೇದಿಕೆಯೇ ಈ ನಾಟಕದ ಗುರುತು. ಚಿಕ್ಕ ಸ್ಟೇಜಿಗೆ ಹೊಂದಿಸಿ ಅದನ್ನೂ ಹೊತ್ತು ತಂದರು.

ಒಂದು ತಮಾಷೆ ಇದೆ. 2004ರಲ್ಲಿ ಕ್ವೀನ್ಸ್‌ನ ಲೀಸ್ ಇನ್ನೂ ಲಾಯ್ಡ್ ವೆಬ್ಬರ್ ಕಂಪನಿಯ ಕೈಯಲ್ಲೇ ಇತ್ತು. ಲೀಸ್ ಮುಗಿದು ಕಟ್ಟಡ ಮ್ಯಾಕಿಂಟೋಶ್ ಆಡಳಿತಕ್ಕೆ ಬಂದದ್ದು 2006ರಲ್ಲಿ. ಬೀಗದಕೈ ಸಿಗುವ ಮೊದಲೇ ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ಹಾಗಾಯಿತು. ಕೈಗೆ ಬಂದ ದಿನವೇ ಒಳಗೆ ಗಟ್ಟಿ ಬಾಡಿಗೆದಾರ ಇದ್ದ, ಆ ಬಾಡಿಗೆದಾರ ತಾವೇ.

ಪ್ಯಾಲೇಸ್‌ಗೆ ಬಂದ ಹೊಸ ನಾಟಕ 2006ರ ಫೆಬ್ರವರಿಯಲ್ಲಿ ಮುಗಿಯಿತು. ಅದೇ ವರ್ಷ ಅಕ್ಟೋಬರ್ 8ಕ್ಕೆ, ಹುಟ್ಟಿ ಸರಿಯಾಗಿ ಇಪ್ಪತ್ತೊಂದು ವರ್ಷಕ್ಕೆ, ‘ಲೆ ಮಿಸ್’ ವೆಸ್ಟ್ ಎಂಡ್‌ನ ಅತಿ ಹೆಚ್ಚು ಕಾಲ ಓಡಿದ ಮ್ಯೂಸಿಕಲ್ ಆಯಿತು. ಹಿಂದಿನ ದಾಖಲೆ ಯಾರದ್ದು ಅಂತೀರಿ? ‘ಕ್ಯಾಟ್ಸ್’ನದೇ.

2004ರಲ್ಲಿ ಮ್ಯಾಕಿಂಟೋಶ್ ಸರಿಸಿದ ಕಾಯಿ ಇದೊಂದೇ ಅಲ್ಲ. ಅವರ ಪ್ರಿನ್ಸ್ ಎಡ್ವರ್ಡ್‌ನಲ್ಲಿ 1999ರಿಂದ ‘ಮಮ್ಮಾ ಮಿಯಾ’ ಓಡುತ್ತಿತ್ತು. ಅದು ಅವರ ನಾಟಕವಲ್ಲ, ಬಾಡಿಗೆಗೆ ಬಂದದ್ದು. ಆದರೆ ಪ್ರಿನ್ಸ್ ಎಡ್ವರ್ಡ್ ಅವರ ಹೊಸ ‘ಮೇರಿ ಪಾಪಿನ್ಸ್’ಗೆ ಬೇಕಿತ್ತು. ಏನು ಮಾಡಿದರು? ಪ್ರಿನ್ಸ್ ಆಫ್ ವೇಲ್ಸನ್ನು ಚೆನ್ನಾಗಿ ರಿಪೇರಿ ಮಾಡಿಸಿ ‘ಮಮ್ಮಾ ಮಿಯಾ’ವನ್ನು ಜೂನ್‌ನಲ್ಲಿ ಅಲ್ಲಿಗೆ ಕಳಿಸಿದರು. ಡಿಸೆಂಬರಿನಲ್ಲಿ ‘ಮೇರಿ ಪಾಪಿನ್ಸ್’ ಬಂತು. 2012ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಇನ್ನೊಂದು ಅಮೆರಿಕನ್ ನಾಟಕಕ್ಕೆ ಬೇಕಾಯಿತು, ಆಗ ‘ಮಮ್ಮಾ ಮಿಯಾ’ ನೊವೆಲ್ಲೊಗೆ ಹೋಯಿತು. ಬಾಡಿಗೆದಾರ ಮೂರು ಮನೆ ಬದಲಿಸಿದ, ಮೂರಕ್ಕೂ ಮಾಲೀಕ ಒಬ್ಬನೇ. ಒಂದು ಮನೆ ಇದ್ದವನು ‘ಖಾಲಿ ಮಾಡಿ’ ಅನ್ನಬಹುದು, ಅಷ್ಟೇ. ಎಂಟು ಮನೆ ಇದ್ದವನು ‘ಆ ಮನೆಗೆ ಹೋಗಿ’ ಅನ್ನಬಹುದು. ಬಾಡಿಗೆದಾರ ಕೈಬಿಟ್ಟು ಹೋಗುವುದೂ ಇಲ್ಲ.

ಮಾಲೀಕನ ತಲೆಬಿಸಿ

ಇಷ್ಟು ಕೇಳಿದರೆ ಕಟ್ಟಡ ಇದ್ದವನಿಗೆ ಸೋಲೇ ಇಲ್ಲ ಅನ್ನಿಸಬಹುದು. ಹಾಗೇನಿಲ್ಲ. 1996ರಲ್ಲಿ ‘ಮಾರ್ಟಿನ್ ಗೇರ್’ ಹಾಕಿದ್ದು ಸ್ವಂತ ಪ್ರಿನ್ಸ್ ಎಡ್ವರ್ಡ್‌ನಲ್ಲೇ. ತಿದ್ದಿ ತೀಡಿ ಮತ್ತೆ ಹಾಕಿದರೂ ‘ಲೆ ಮಿಸ್’ ಥರ ಕೈಹಿಡಿಯಲಿಲ್ಲ. 2011ರ ಏಪ್ರಿಲ್‌ನಲ್ಲಿ ನೊವೆಲ್ಲೊದಲ್ಲಿ ‘ಬೆಟ್ಟಿ ಬ್ಲೂ ಐಸ್’ ಶುರುವಾಯಿತು. ನಾಟಕವೂ ಅವರದೇ, ಮನೆಯೂ ಅವರದೇ. ವಿಮರ್ಶಕರು ಹೊಗಳಿದರು. ಸೆಪ್ಟೆಂಬರಿನಲ್ಲಿ ಮುಚ್ಚಿದರು. 1985ರದ್ದೇ ಆಟ, ತಿರುಗುಮುರುಗಾಗಿ. ಆಗ ಪತ್ರಿಕೆ ಬೈದಿತ್ತು, ಫೋನು ಬಿಡುವಿಲ್ಲದೆ ಹೊಡೆದುಕೊಂಡಿತ್ತು. ಈಗ ಪತ್ರಿಕೆ ಹೊಗಳಿತು, ಫೋನು ಸುಮ್ಮನಿತ್ತು.

ಸ್ವಂತ ಮನೆಯಲ್ಲಿ ನಷ್ಟದ ನಾಟಕವನ್ನು ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಬಹುದಲ್ಲ ಎಂದು ಕೇಳಬಹುದು. ಇಟ್ಟುಕೊಳ್ಳಬಹುದು. ಬಲಗೈಯಿಂದ ಬಾಡಿಗೆ ಕೊಟ್ಟು ಎಡಗೈಯಿಂದ ತೆಗೆದುಕೊಂಡ ಹಾಗೆ. ಆದರೆ ಆ ಮನೆಗೆ ಹೊರಗಿನವನು ಪೂರ್ತಿ ಬಾಡಿಗೆ ಕೊಡಲು ನಿಂತಿರುತ್ತಾನೆ. ಅದನ್ನು ಬಿಟ್ಟುಕೊಡುವುದೂ ನಷ್ಟವೇ. ನಿರ್ಮಾಪಕ ಮ್ಯಾಕಿಂಟೋಶ್ ಇನ್ನಾರು ವಾರ ಕೇಳಿದರೆ ಮಾಲೀಕ ಮ್ಯಾಕಿಂಟೋಶ್ ತಲೆ ಆಡಿಸಬೇಕಲ್ಲ!

ಇನ್ನು ಕಟ್ಟಡಗಳ ವಯಸ್ಸು. ವೆಸ್ಟ್ ಎಂಡ್‌ನ ಹೆಚ್ಚಿನ ಥಿಯೇಟರ್‌ಗಳು ನೂರು ವರ್ಷ ದಾಟಿದವು. ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಇರುವುದರಿಂದ ಕೆಡವುವ ಹಾಗಿಲ್ಲ, ಇಷ್ಟ ಬಂದ ಹಾಗೆ ಬದಲಿಸುವ ಹಾಗೂ ಇಲ್ಲ. 2003ರಲ್ಲಿ ಥಿಯೇಟರ್ ಕಟ್ಟಡಗಳ ರಕ್ಷಣೆಗೆ ಇರುವ ಥಿಯೇಟರ್ಸ್ ಟ್ರಸ್ಟ್ ಒಂದು ವರದಿ ತಂದಿತು. ಲಂಡನ್ನಿನ ವ್ಯಾಪಾರಿ ಥಿಯೇಟರ್‌ಗಳನ್ನು ಸರಿಪಡಿಸಲು ಹದಿನೈದು ವರ್ಷದಲ್ಲಿ 25 ಕೋಟಿ ಪೌಂಡ್ ಬೇಕು ಎಂದಿತು. ಸರ್ಕಾರದಿಂದ ಅಂಥ ಹಣವೇನೂ ಹರಿದು ಬರಲಿಲ್ಲ. ಮಾಲೀಕರು ಟಿಕೆಟ್ ಮೇಲಿನ ಶುಲ್ಕದಿಂದ, ತಮ್ಮ ಜೇಬಿನಿಂದ ಹೊಂದಿಸಿಕೊಂಡರು. ವಿಕ್ಟೋರಿಯಾ ಪ್ಯಾಲೇಸ್‌ನಲ್ಲಿ ರಿಪೇರಿ ತಡವಾಗಿ 2017ರಲ್ಲಿ ‘ಹ್ಯಾಮಿಲ್ಟನ್’ನ ಮೊದಲ ಪ್ರದರ್ಶನಗಳನ್ನೇ ಮುಂದಕ್ಕೆ ಹಾಕಬೇಕಾಯಿತು. ಟಿಕೆಟ್ ಕೊಂಡವರಿಗೆ ಬೇರೆ ದಿನ ಕೊಡಬೇಕಾಯಿತು. ಬಾಡಿಗೆದಾರನಾಗಿದ್ದರೆ ಮಾಲೀಕನನ್ನು ಬೈಯಬಹುದಿತ್ತು. ಇಲ್ಲಿ ಬೈಯಲು ಯಾರಿದ್ದಾರೆ?

ಕ್ವೀನ್ಸ್‌ನ ಕಥೆ ಸ್ವಲ್ಪ ಹತ್ತಿರದಿಂದ ನೋಡುವಂಥದ್ದು. ವಾಸ್ತುಶಿಲ್ಪಿ ಸ್ಪ್ರೇಗ್ ಅದನ್ನು ಪಕ್ಕದ ಗಿಲ್‌ಗುಡ್‌ಗೆ ಜೋಡಿಯಾಗಿ ಕಟ್ಟಿದ್ದು. ಬಾಗಿಲು ತೆರೆದದ್ದು 1907ರ ಅಕ್ಟೋಬರ್ 8ರಂದು. ತಾರೀಖು ನೋಡಿದಿರಾ? ‘ಲೆ ಮಿಸ್’ ಹುಟ್ಟುಹಬ್ಬವೂ ಅದೇ. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ಬಾಂಬು ನೇರವಾಗಿ ಬಿತ್ತು. ಮುಂಭಾಗ, ಒಳಬಾಗಿಲ ಹಜಾರ ಎಲ್ಲ ಪುಡಿ. ಹತ್ತೊಂಬತ್ತು ವರ್ಷ ಮುಚ್ಚಿತ್ತು. 1959ರ ಜುಲೈನಲ್ಲಿ ತೆರೆದಾಗ ಹಳೆಯ ಮುಖದ ಜಾಗದಲ್ಲಿ ಗಾಜು ಬಂದಿತ್ತು. ಹಾಗಾಗಿ ಇವತ್ತಿಗೂ ಬೀದಿಯಲ್ಲಿ ನಿಂತು ನೋಡಿದರೆ ಜೋಡಿಯಲ್ಲಿ ಒಂದು ಅಜ್ಜನ ಕಾಲದ್ದು, ಇನ್ನೊಂದು 50ರ ದಶಕದ ಆಫೀಸು ಕಟ್ಟಡದ ಹಾಗೆ. ಒಳಗೆ ಹೋದರೆ ಮತ್ತೆ ಅಜ್ಜನ ಕಾಲ.

2019ರ ಜುಲೈನಲ್ಲಿ ನಾಟಕ ನಿಲ್ಲಿಸಿ ರಿಪೇರಿಗೆ ಕೈಹಾಕಿದರು. ಖರ್ಚು 1.3 ಕೋಟಿ ಪೌಂಡಿಗೂ ಜಾಸ್ತಿ. ಬಾಂಬಿನಿಂದಾಗಿ ಕಳೆದುಹೋಗಿದ್ದ, ಕೆಲವೇ ಜನ ಕೂರುವ ಪಕ್ಕದ ಬಾಕ್ಸ್‌ಗಳನ್ನು ಸ್ಪ್ರೇಗ್ ಮಾಡಿದ್ದ ಹಾಗೇ ಮತ್ತೆ ಕಟ್ಟಿಸಿದರು. ಅಷ್ಟು ದಿನ ನಾಟಕ ಎಲ್ಲಿ? ಪಕ್ಕದ ಮನೆಯಲ್ಲಿ! ಗಿಲ್‌ಗುಡ್‌ನಲ್ಲಿ ಅದನ್ನು ಕಾನ್ಸರ್ಟ್ ರೂಪದಲ್ಲಿ ಹಾಡಿಸಿದರು. ಮೊದಲ ತಂಡದಲ್ಲಿ ಯುವಪ್ರೇಮಿ ಮೇರಿಯಸ್ ಆಗಿದ್ದ ಮೈಕೆಲ್ ಬಾಲ್ ಈಗ ಪೊಲೀಸ್ ಅಧಿಕಾರಿ ಜವೇರ್ ಆಗಿ ಬಂದರು. ಎರಡು ಕಟ್ಟಡ ಅಕ್ಕಪಕ್ಕ, ಎರಡೂ ಒಬ್ಬರವೇ ಆಗಿರದಿದ್ದರೆ ಇದನ್ನು ಯೋಚಿಸುವುದೂ ಕಷ್ಟ.

ಬಾಗಿಲು ಮತ್ತೆ ತೆರೆದಾಗ ಬೋರ್ಡಿನ ಮೇಲೆ ಸಾಂಡ್‌ಹೈಮ್ ಎಂಬ ಹೆಸರಿತ್ತು. 1976ರ ಆ ಸಣ್ಣ ಕಾರ್ಯಕ್ರಮದ ಋಣ ಅಂತ ನಾನು ಅಂದುಕೊಂಡಿದ್ದೇನೆ. ಆದರೆ ಹಳೆಯ ಅಭಿಮಾನಿಗಳಿಗೆ ಒಂದು ಕಹಿ ಕಾದಿತ್ತು. ತಿರುಗುವ ವೇದಿಕೆ ಇರಲಿಲ್ಲ. ನನ್ ಮತ್ತು ಜಾನ್ ಕೇರ್ಡ್ ಕೂಡಿ ಕಟ್ಟಿದ್ದ 1985ರ ರಂಗರೂಪ ಹೋಗಿ, ಹ್ಯೂಗೋ ಬರೆದ ಚಿತ್ರಗಳನ್ನು ಹಿಂದೆ ಮೂಡಿಸುವ ಹೊಸ ರೂಪ ಬಂದಿತ್ತು. ಇದು ಪ್ರವಾಸದ ತಂಡಗಳಿಗೆಂದು 25ನೇ ವರ್ಷಕ್ಕೆ ಮಾಡಿಸಿದ್ದ ರೂಪ. ಕಟ್ಟಡದ ಹಳೆಯದನ್ನೆಲ್ಲ ಹುಡುಕಿ ಹುಡುಕಿ ವಾಪಸ್ ತಂದವರು ನಾಟಕದ ಹಳೆಯದನ್ನು ಬಿಟ್ಟುಕೊಟ್ಟರು. ಕಟ್ಟಡದ ಹಳೆಯದಕ್ಕೆ ಕಾನೂನಿನ ಕಾವಲಿದೆ. ನಾಟಕದ್ದಕ್ಕೆ ಯಾವ ಕಾವಲೂ ಇಲ್ಲ. ನನಗಂತೂ ಆ ಗರಗರ ಸುತ್ತುವ ಬೀದಿಹೋರಾಟ ಹೋದದ್ದು ಬೇಜಾರೇ.

ಹೊಸ ರೂಪದ ಉದ್ಘಾಟನೆ 2020ರ ಜನವರಿ 16ರಂದು. ಸರಿಯಾಗಿ ಎರಡು ತಿಂಗಳಿಗೆ, ಮಾರ್ಚ್ 16ರಂದು, ಕೊರೊನಾದಿಂದ ಲಂಡನ್ನಿನ ಎಲ್ಲ ಥಿಯೇಟರ್‌ಗಳೂ ಮುಚ್ಚಿದವು. ನಾಟಕ ಇಲ್ಲದ ಥಿಯೇಟರನ್ನು ಅಲ್ಲಿಯವರು ‘ಡಾರ್ಕ್’ ಅಂತಾರೆ. ಎಂಟು ಮನೆಯ ಮಾಲೀಕನಿಗೆ ಎಂಟೂ ಡಾರ್ಕ್. ಬಾಡಿಗೆ ಇಲ್ಲ, ಬಾರ್ ಇಲ್ಲ, ರಿಪೇರಿ ಶುಲ್ಕವೂ ಇಲ್ಲ. ದೊಡ್ಡ ನಾಟಕಗಳು 2021ರವರೆಗೆ ಬರುವುದಿಲ್ಲ ಎಂದು ಮ್ಯಾಕಿಂಟೋಶ್ ಬೇಗನೇ ಹೇಳಿಬಿಟ್ಟರು. ಅವರ ಕಂಪನಿಗಳಲ್ಲಿ ಎಷ್ಟೋ ಜನ ಕೆಲಸ ಕಳೆದುಕೊಂಡರು. ಅದಕ್ಕೆ ಅವರು ಮಾತು ಕೇಳಲೂ ಬೇಕಾಯಿತು.

ಆದರೆ ಮೊದಲು ದೀಪ ಹಚ್ಚಿದವರಲ್ಲಿ ಅವರೂ ಒಬ್ಬರು. 2020ರ ಡಿಸೆಂಬರ್ 5ಕ್ಕೆ, ಕುರ್ಚಿ ಬಿಟ್ಟು ಕುರ್ಚಿ ಕೂರಿಸಿ, ಸಾಂಡ್‌ಹೈಮ್‌ನಲ್ಲಿ ‘ಲೆ ಮಿಸ್’ ಕಾನ್ಸರ್ಟ್ ಶುರು ಮಾಡಿದರು. ಹೊಸ ನಿರ್ಬಂಧ ಬಂದು ಹತ್ತು ಹನ್ನೊಂದು ದಿನಕ್ಕೇ ಮುಚ್ಚಬೇಕಾಯಿತು. ಮೇ ತಿಂಗಳಲ್ಲಿ ಮತ್ತೆ ತೆರೆದರು. ಸೆಪ್ಟೆಂಬರ್ 25ಕ್ಕೆ ಪೂರ್ತಿ ನಾಟಕ ವಾಪಸ್ ಬಂತು. ಅರ್ಧ ಖಾಲಿ ಮನೆಯಲ್ಲಿ ಹಾಡಿಸುವ ಲೆಕ್ಕ ಯಾವ ಬಾಡಿಗೆ ಕರಾರಿನಲ್ಲೂ ಕೂರುವುದಿಲ್ಲ. 1985ರಲ್ಲಿ ಆಗಿದ್ದರೆ ಪ್ಯಾಲೇಸ್‌ಗೆ ಫೋನು ಮಾಡಿ ಕೇಳಬೇಕಿತ್ತು. ಈ ಸಲ ಕೇಳುವವರೂ ಹೇಳುವವರೂ ಒಬ್ಬರೇ.